ಅರಿಶಿನ ಕೆಂಪಾದ ಮೇಲೆ ಸೋಪಿನಲ್ಲಿ ಉಳಿದದ್ದೇನು?

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕಲೆಸಿದರೆ ಕೆಂಪಾಗುತ್ತದೆ. ಮದುಮಕ್ಕಳಿಗೆ ಆರತಿ ಎತ್ತುವಾಗ ತಟ್ಟೆಯಲ್ಲಿರುವ ಓಕುಳಿ ಅದೇ ಅಲ್ವಾ. ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಯಾಕೆ ಕೆಂಪಾಗುತ್ತದೆ ಎಂದು ಕೇಳಿದವರು ಕಡಿಮೆ.

ಹೋದ ವರ್ಷ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನಾವು ಐದಾರು ಮಂದಿ ಕನ್ನಡದ ಹೆಂಗಸರು ಸೇರಿ ಸೋಪು ಮಾಡಲು ಕೂತಿದ್ದೆವು. ಅರಿಶಿನ, ಬೇವು, ತುಳಸಿ ಹಾಕಿದ 'ಆಂಟಿಬ್ಯಾಕ್ಟೀರಿಯಲ್' ಸೋಪು. ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಮುಂದೆ ಕೂರಿಸಿದ್ದರು. ಅರಿಶಿನ ಬಿದ್ದ ಕೂಡಲೇ ಪಾತ್ರೆಯೊಳಗೆ ಇಟ್ಟಿಗೆ ಕೆಂಪು. ಎರಡು ದಿನ ಬಿಟ್ಟು ನೋಡಿದರೆ ಕಂದು. ತುಳಸಿಯ ಹಸಿರಂತೂ ಒಣಗಿದ ಸೆಗಣಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯವರು ಕೇಳಿದರು, "ಅಕ್ಕಾ, ಹಾಕಿದ್ದೆಲ್ಲ ಸತ್ತೇ ಹೋಯ್ತಾ?"

ಆವತ್ತು ನಾನು ಏನೋ ಹೇಳಿ ನುಣುಚಿಕೊಂಡೆ. ಸರಿಯಾದ ಉತ್ತರ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲು ಸೋಪು ಅಂದರೇನು

ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೆ ಸೋಪು. ಇದರಲ್ಲಿ ಅಡ್ಡದಾರಿ ಇಲ್ಲ. 'ಕೆಮಿಕಲ್ ಇಲ್ಲದ ಸೋಪು' ಎಂದು ಯಾರಾದರೂ ಹೇಳಿದರೆ, ಅವರು ಕಾಸ್ಟಿಕ್ ಹಾಕಿದ್ದನ್ನು ಹೇಳುತ್ತಿಲ್ಲ ಅಥವಾ ಬೇರೆಯವರು ಕಾಸ್ಟಿಕ್ ಹಾಕಿ ಮಾಡಿದ ಸೋಪ್ ಬೇಸ್ ತಂದು ಕರಗಿಸಿದ್ದಾರೆ.

ಎಣ್ಣೆಯ ಒಂದೊಂದು ಅಣುವಿಗೂ ಮೂರು ಉದ್ದನೆಯ ಬಾಲಗಳಿವೆ. ಮೂರನ್ನೂ ಹಿಡಿದಿಟ್ಟುಕೊಂಡಿರುವುದು ಗ್ಲಿಸರಿನ್. ಕಾಸ್ಟಿಕ್ ಆ ಬಾಲಗಳನ್ನು ಕತ್ತರಿಸುತ್ತದೆ. ಪ್ರತಿ ಬಾಲದ ತುದಿಗೂ ಒಂದು ಸೋಡಿಯಂ ಬಂದು ಕೂರುತ್ತದೆ. ಅದೇ ಸೋಪು. ಬಿಡುಗಡೆಯಾದ ಗ್ಲಿಸರಿನ್ ಮನೆಯಲ್ಲಿ ಮಾಡಿದ ಸೋಪಿನೊಳಗೇ ಉಳಿಯುತ್ತದೆ.

ಈಗ ಈ ಸೋಪಿನ ಅಣುವಿಗೆ ಎರಡು ಬುದ್ಧಿ. ಸೋಡಿಯಂ ಕೂತ ತುದಿ, ಅಂದರೆ ತಲೆಗೆ ನೀರು ಬೇಕು, ಬಾಲಕ್ಕೆ ಜಿಡ್ಡು ಬೇಕು. ಕೈ ಮೇಲಿನ ಜಿಡ್ಡಿನೊಳಗೆ ಬಾಲಗಳು ಚುಚ್ಚಿಕೊಳ್ಳುತ್ತವೆ, ತಲೆಗಳು ಹೊರಗೆ ನಿಲ್ಲುತ್ತವೆ. ಹಲಸಿನ ಹಣ್ಣನ್ನು ನೆನಪಿಸಿಕೊಳ್ಳಿ. ಒಳಗೆ ಜಿಡ್ಡು, ಹೊರಗೆ ಮುಳ್ಳುಗಳ ಹಾಗೆ ತಲೆಗಳು. ನೀರು ಬಿಟ್ಟಾಗ ಇಡೀ ಹಣ್ಣೇ ತೊಳೆದು ಹೋಗುತ್ತದೆ. ಜಿಡ್ಡಿಗೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾ ಕೂಡ ಅದರ ಜೊತೆಗೇ ಮೋರಿಗೆ. ಕೊರೊನಾದಂಥ ವೈರಸ್‌ಗಳ ಹೊರಗವಚವೂ ಕೊಬ್ಬಿನದೇ. ಅದನ್ನು ಸೋಪಿನ ಬಾಲಗಳು ಹರಿದೇ ಹಾಕುತ್ತವೆ. ಬ್ಯಾಕ್ಟೀರಿಯಾದ ವಿಷಯದಲ್ಲಿ ಮಾತ್ರ ಸೋಪು ಕೊಲ್ಲುವುದಕ್ಕಿಂತ ಹೆಚ್ಚಾಗಿ ಓಡಿಸುತ್ತದೆ.

ಓಡಿಸುವುದು ಸಣ್ಣ ಕೆಲಸವಲ್ಲ. 2011ರಲ್ಲಿ ಲಂಡನ್ನಿನ ಸಂಶೋಧಕರು 20 ಜನರಿಗೆ ಸಾರ್ವಜನಿಕ ಜಾಗಗಳ ಬಾಗಿಲ ಹಿಡಿ, ಕಂಬಿಗಳನ್ನು ಮುಟ್ಟಿಸಿ ಕೈ ಪರೀಕ್ಷೆ ಮಾಡಿದ್ದರು. ಕೈ ತೊಳೆಯದಿದ್ದಾಗ ಶೇ. 44 ಸಲ ಮಲದಿಂದ ಬರುವಂಥ ಬ್ಯಾಕ್ಟೀರಿಯಾ ಸಿಕ್ಕಿತು. ಬರೀ ನೀರಲ್ಲಿ ತೊಳೆದರೆ ಶೇ. 23. ಸಾದಾ ಸೋಪಿನಲ್ಲಿ ತೊಳೆದರೆ ಶೇ. 8. ಗಮನಿಸಿ, ಅದು ಸಾದಾ ಸೋಪು. ಬೇವಿಲ್ಲ, ಅರಿಶಿನವಿಲ್ಲ, ಔಷಧಿಯೂ ಇಲ್ಲ. ಡೊಂಬಿವಲಿ ಲೋಕಲ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಹಿಡಿಕೆ ಹಿಡಿದು ನಿಂತವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಹಾಗಾದರೆ 'ಆಂಟಿಬ್ಯಾಕ್ಟೀರಿಯಲ್' ಎಂಬ ಮಾತು ಎಲ್ಲಿಂದ ಬಂತು? ಹಳೆಯ ಕೆಂಪು ಲೈಫ್‌ಬಾಯ್ ನೆನಪಿದೆಯಾ, ಆಸ್ಪತ್ರೆಯ ವಾಸನೆಯದ್ದು? ಭಾರತಕ್ಕೆ 1895ರಲ್ಲೇ ಬಂದ ಸೋಪು. ಆ ವಾಸನೆ ಕಾರ್ಬಾಲಿಕ್‌ದು, ಅಂದರೆ ಫೀನಾಲ್ ಜಾತಿಯ ವಸ್ತುಗಳದ್ದು. ಆಪರೇಷನ್ ಗಾಯಗಳು ಕೀವು ಕಟ್ಟದಂತೆ ಬ್ರಿಟಿಷ್ ಸರ್ಜನ್ ಜೋಸೆಫ್ ಲಿಸ್ಟರ್ 1860ರ ದಶಕದಲ್ಲಿ ಬಳಸಿದ್ದೂ ಇದನ್ನೇ. ಆಮೇಲೆ ಬಂದದ್ದು ಬ್ಯಾಕ್ಟೀರಿಯಾ ತಡೆಯುವ ಟ್ರೈಕ್ಲೋಸಾನ್ ಎಂಬ ರಾಸಾಯನಿಕ. ಎಷ್ಟೋ ವರ್ಷ ಸೋಪು, ಹ್ಯಾಂಡ್‌ವಾಶ್‌ಗಳಲ್ಲೆಲ್ಲ ಅದೇ. 2016ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ವಸ್ತುಗಳನ್ನು ಮನೆಬಳಕೆಯ ಸೋಪಿನಿಂದ ಹೊರಗೆ ಹಾಕಿತು. ಸಾದಾ ಸೋಪು-ನೀರಿಗಿಂತ ಇವು ಜಾಸ್ತಿ ಕೆಲಸ ಮಾಡುತ್ತವೆ ಎಂದು ಕಂಪನಿಗಳು ತೋರಿಸಿಕೊಡಲು ಆಗಲಿಲ್ಲ ಎಂಬುದು ಒಂದು ಮುಖ್ಯ ಕಾರಣ. ಅಲ್ಲಿಂದೀಚೆಗೆ ಗಿಡಮೂಲಿಕೆ ಸೋಪಿಗೆ ಬೇಡಿಕೆ ಇನ್ನೂ ಏರಿದೆ. ಆದರೆ ಅದೇ ಪ್ರಶ್ನೆಯನ್ನು ಬೇವಿಗೂ ಕೇಳಬೇಕಲ್ಲ, ಸಾದಾ ಸೋಪಿಗಿಂತ ನೀನು ಏನು ಜಾಸ್ತಿ ಮಾಡುತ್ತೀಯಾ ಅಂತ.

ಕಾಸ್ಟಿಕ್ ಎಂಬ ಅಗ್ನಿಪರೀಕ್ಷೆ

ಓಕುಳಿಗೆ ವಾಪಸ್ ಬರೋಣ. ಅರಿಶಿನದ ಹಳದಿ ಬಣ್ಣವೂ ಔಷಧ ಗುಣವೂ ಬಹುಪಾಲು ಕರ್ಕ್ಯುಮಿನ್ ಎಂಬ ವಸ್ತುವಿನದು. ಸುಣ್ಣ, ಕಾಸ್ಟಿಕ್, ಸೋಪು ಎಲ್ಲವೂ ಕ್ಷಾರ. ಕ್ಷಾರ ತಾಗಿದರೆ ಕರ್ಕ್ಯುಮಿನ್ ರೂಪ ಬದಲಿಸಿ ಕೆಂಪಾಗುತ್ತದೆ, ಆಮೇಲೆ ಒಡೆಯುತ್ತಾ ಹೋಗುತ್ತದೆ. ಅದು ಎಷ್ಟು ನಾಜೂಕು ಎಂದರೆ, ಪಿಎಚ್ 7.2ರ ದ್ರಾವಣದಲ್ಲಿ (ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ; 7 ಮಧ್ಯ, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ), ಮೈ ಬಿಸಿಯಷ್ಟೇ ಬಿಸಿಯಲ್ಲಿ, ಅರ್ಧ ಗಂಟೆಯೊಳಗೆ ಶೇ. 90ರಷ್ಟು ಒಡೆದು ಹೋಗುತ್ತದೆ. ಒಳ್ಳೆಯ ಸೋಪಿನ ಪಿಎಚ್ 9ರಿಂದ 10. ಹಸಿ ಸೋಪಿನ ಮಿಶ್ರಣದ್ದು ಅದಕ್ಕಿಂತ ತುಂಬಾ ಮೇಲೆ. ಅಂದರೆ ಪಾತ್ರೆ ಕೆಂಪಾದಾಗ ನಾವು ನೋಡಿದ್ದು ಅರಿಶಿನದ ಕೊನೆಯುಸಿರು. ಪಕ್ಕದ ಮನೆಯವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಬೇವಿನ ಕಥೆ ಅರ್ಧ-ಅರ್ಧ. ಬೇವಿನ ಬೀಜದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಬೇರೆ ಎಣ್ಣೆಗಳ ಹಾಗೆ ಕೊಬ್ಬೇ. ಅದು ಸೋಪಾಗುತ್ತದೆ. ಉಳಿದ ಸಣ್ಣ ಪಾಲಿನಲ್ಲಿ ಕಹಿ ವಸ್ತುಗಳಿವೆ. ಅದರಲ್ಲಿ ಹೆಸರುವಾಸಿಯಾದ ಅಜಾಡಿರಾಕ್ಟಿನ್ ಕ್ಷಾರಕ್ಕೆ ನಿಲ್ಲುವುದಿಲ್ಲ. ವಾಸನೆ ಮಾತ್ರ ಯಾವ ಕಾಸ್ಟಿಕ್‌ಗೂ ಬಗ್ಗುವುದಿಲ್ಲ, ಬೆಳ್ಳುಳ್ಳಿ ಕೊಳೆತ ಹಾಗೆ ವಾರಗಟ್ಟಲೆ ಇರುತ್ತದೆ. ಎಲೆಯ ಹಸಿರು ಪತ್ರಹರಿತ್ತಿನದು. ಅದೂ ಕಂದಾಗುತ್ತದೆ. ಅಂಗಡಿಯ ಬೇವಿನ ಸೋಪು ಗಿಳಿ ಹಸಿರಾಗಿದ್ದರೆ ಆ ಬಣ್ಣ ಎಲೆಯಿಂದ ಬಂದದ್ದಾಗಿರುವುದು ಅಪರೂಪ.

ಹಾಗಂತ ಎಲ್ಲ ಗಿಡವೂ ಸೋಲುವುದಿಲ್ಲ. ಸೋಲದವು ಸಾಮಾನ್ಯವಾಗಿ ಆವಿ ಹಿಡಿದು ಬಟ್ಟಿ ಇಳಿಸಿದ ಎಣ್ಣೆಗಳು. ಶ್ರೀಗಂಧದ ಎಣ್ಣೆಯ ಮುಖ್ಯ ವಸ್ತು ಸ್ಯಾಂಟಲಾಲ್ ಕ್ಷಾರಕ್ಕೆ ಜಗ್ಗುವುದಿಲ್ಲ. ಒಂದನೇ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತು, 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತೆಗೆಯಲು ಶುರುವಾಗಿ, ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಗಳು ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದ್ದು ನಿಮಗೆ ಗೊತ್ತೇ ಇರಬಹುದು. ನೂರು ವರ್ಷದಿಂದ ಆ ಪರಿಮಳ ಸೋಪಿನಲ್ಲಿ ನಿಂತಿದೆ ಅಂದರೆ ಅದಕ್ಕೆ ಇದೂ ಒಂದು ಕಾರಣ. ಟೀ ಟ್ರೀ ಎಂಬ ಗಿಡದ ಎಣ್ಣೆಯ ಮುಖ್ಯ ವಸ್ತು ಟರ್ಪಿನೆನ್-4-ಓಲ್ ಕೂಡ ಸುಮಾರಾಗಿ ಉಳಿಯುತ್ತದೆ.

ಇನ್ನು ಓಮ ಮತ್ತು ಲವಂಗ. ಇವುಗಳ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. ಓಮದ ಎಣ್ಣೆಯಲ್ಲಿ ಥೈಮಾಲ್, ಲವಂಗದ ಎಣ್ಣೆಯಲ್ಲಿ ಯುಜೆನಾಲ್ ದೊಡ್ಡ ಪಾಲು. ಎರಡೂ ಫೀನಾಲ್ ಕುಟುಂಬದವು. ಕೆಂಪು ಸೋಪಿನ ಕಾರ್ಬಾಲಿಕ್‌ಗೆ ದಾಯಾದಿಗಳು. ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಕಾರ್ಬಾಲಿಕ್‌ನ ತಂಗಿ ಕೂತಿದ್ದಾಳೆ ಎಂದು ತಿಳಿದಾಗ ನನಗೆ ಖುಷಿಯಾಗಿತ್ತು. ಆದರೆ ಖುಷಿಯಲ್ಲಿ ಲವಂಗದ ಎಣ್ಣೆ ಸ್ವಲ್ಪ ಜಾಸ್ತಿ ಸುರಿದೆ. ಹತ್ತು ಸೆಕೆಂಡಿನಲ್ಲಿ ಮಿಶ್ರಣ ಗಟ್ಟಿಯಾಗಿ ಬ್ಲೆಂಡರ್ ಸಿಕ್ಕಿಹಾಕಿಕೊಂಡಿತು. ಯುಜೆನಾಲ್ ಹಸಿ ಸೋಪನ್ನು ಹೀಗೆ ಹಠಾತ್ತನೆ ಹೆಪ್ಪುಗಟ್ಟಿಸುತ್ತದೆ. ಜಾಸ್ತಿಯಾದರೆ ಚರ್ಮವೂ ಉರಿಯುತ್ತದೆ. ಅರ್ಧ ಕಿಲೋ ಎಣ್ಣೆಗೆ ಕೆಲವೇ ಹನಿ ಸಾಕು.

ರಸ ತೆಗೆಯುವುದು ಹೇಗೆ

ಗಿಡದ ಯಾವ ವಸ್ತು ಯಾವುದರಲ್ಲಿ ಕರಗುತ್ತದೆ ಎಂಬುದನ್ನು ನೋಡಿ ದಾರಿ ಹಿಡಿಯಬೇಕು. ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆಯ ಒಗರು ನೀರಿಗೆ ಬರುತ್ತದೆ, ಕಷಾಯ ಮಾಡಿದರೆ ಆಯಿತು. ಅರಿಶಿನದ ಕರ್ಕ್ಯುಮಿನ್ ನೀರಿಗೆ ಬರುವುದೇ ಇಲ್ಲ ಅನ್ನಬಹುದು, ಎಣ್ಣೆಗೆ ಬರುತ್ತದೆ. ಬೇವಿನ ಎಲೆ, ತುಳಸಿಯನ್ನು ಎಣ್ಣೆಯಲ್ಲಿ ನೆನೆಸಿ ಬಿಸಿನೀರಿನ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಎರಡು ಗಂಟೆ ಕಾಯಿಸಬಹುದು. ಊರಲ್ಲಿ ಅಜ್ಜಿಯಂದಿರು ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೇ. ಎಲೆ ಮೊದಲೇ ನೆರಳಲ್ಲಿ ಒಣಗಿರಬೇಕು. ಹಸಿ ಎಲೆ ಅರೆದು ನೇರ ಸೋಪಿಗೆ ಹಾಕುವುದು ಬೇಡ. ನಾನು ಹಾಕಿ ನೋಡಿದ್ದೇನೆ, ಕೆಲವು ವಾರದಲ್ಲಿ ಅಂಚಿಗೆ ಬೂಷ್ಟು ಬಂತು. ಆಂಟಿಬ್ಯಾಕ್ಟೀರಿಯಲ್ ಸೋಪಿಗೇ ಬೂಷ್ಟು!

ಅಂಟುವಾಳಕಾಯಿ ಮತ್ತು ಸೀಗೆಕಾಯಿಯ ಕಥೆ ಬೇರೆ. ಅವುಗಳ ನೊರೆ ಅವುಗಳಲ್ಲೇ ಇರುವ ಸಪೋನಿನ್ ಎಂಬ ವಸ್ತುವಿನಿಂದ ಬರುವುದು, ಕಾಸ್ಟಿಕ್ ಬೇಡವೇ ಬೇಡ. ಕ್ಷಾರವೇ ಬೇಡ ಎನ್ನುವವರು ಸೋಪಿನ ಗೋಜು ಬಿಟ್ಟು ಅಂಟುವಾಳದ ನೀರು ಮಾಡಿಕೊಳ್ಳುವುದು ಒಳ್ಳೆಯದು. ಎರಡು ದಿನಕ್ಕೆ ಹುಳಿಯುತ್ತದೆ, ಫ್ರಿಜ್ಜಿನಲ್ಲಿಡಬೇಕು.

ಅರ್ಧ ಕಿಲೋ ಎಣ್ಣೆಯ ಲೆಕ್ಕ

ಒಂದೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ, ಶೇಂಗಾ ಎಣ್ಣೆಗೆ 0.136, ಬೇವಿನೆಣ್ಣೆಗೆ 0.139, ಹರಳೆಣ್ಣೆಗೆ 0.128. ನಾನು ಹಾಕುವುದು ತೆಂಗಿನೆಣ್ಣೆ 200 ಗ್ರಾಂ, ಶೇಂಗಾ ಎಣ್ಣೆ 200, ಬೇವಿನೆಣ್ಣೆ 50, ಹರಳೆಣ್ಣೆ 50. ಗುಣಿಸಿ ಕೂಡಿಸಿದರೆ ಸುಮಾರು 77 ಗ್ರಾಂ ಕಾಸ್ಟಿಕ್. ಅಷ್ಟೂ ಹಾಕಬಾರದು. ಶೇ. 5 ಕಡಿಮೆ ಮಾಡಿ 73 ಗ್ರಾಂ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಉಳಿದು ಚರ್ಮಕ್ಕೆ ಮೃದುವಾಗಿರುತ್ತದೆ, ಕಾಸ್ಟಿಕ್ ಉಳಿಯುವ ಭಯವೂ ಇಲ್ಲ. ನೀರು 150 ಗ್ರಾಂ. ಚಮಚದ ಲೆಕ್ಕ, ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಗ್ರಾಂ ತೋರಿಸುವ ತಕ್ಕಡಿ ಇಲ್ಲದಿದ್ದರೆ ಸೋಪು ಮಾಡಬೇಡಿ. ಎಣ್ಣೆ ಬದಲಿಸಿದರೆ ಲೆಕ್ಕವೂ ಹೊಸದಾಗಿ ಮಾಡಬೇಕು.

ಮುಂಬಯಿಯಲ್ಲಿ ತೆಂಗಿನೆಣ್ಣೆಗೆ ಮಾಟುಂಗಾದ ಅಂಗಡಿಗಳಿವೆ, ಕಾಸ್ಟಿಕ್‌ಗೆ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಿವೆ. ಬ್ಲಾಕ್ ಆದ ಪೈಪಿಗೆ ಹಾಕುವ ಡ್ರೇನ್ ಪುಡಿ ತರಬೇಡಿ, ಅದರಲ್ಲಿ ಬೇರೇನೇನೋ ಬೆರೆತಿರುತ್ತದೆ. ನೀರಿನ ವಿಷಯದಲ್ಲೂ ಒಂದು ಮಾತು. ಟ್ಯಾಂಕರಿನ ಬೋರ್‌ವೆಲ್ ನೀರು ಗಡುಸು. ಅದರ ಕ್ಯಾಲ್ಸಿಯಂ ಸೋಪನ್ನು ಹಿಡಿದು ಬಿಳಿ ಕೆನೆ ಮಾಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್‌ಗೆ ಎಂದೂ ಸುರಿಯಬಾರದು, ಕುದಿದು ಮುಖಕ್ಕೆ ಹಾರುತ್ತದೆ. ಒಲೆಯಿಲ್ಲದೆಯೇ ನೀರು ಕೈ ಸುಡುವಷ್ಟು ಕಾಯುತ್ತದೆ. ಕಿಟಕಿ ತೆಗೆದಿರಬೇಕು, ಕನ್ನಡಕ, ರಬ್ಬರ್ ಗ್ಲೌಸ್ ಹಾಕಿರಬೇಕು. ಮಕ್ಕಳು ಆ ಹೊತ್ತು ಇನ್ನೊಬ್ಬರ ಮನೆಯಲ್ಲಿರಲಿ. ಮುಂಬಯಿಯ ಅಡುಗೆಮನೆಗಳ ಅಳತೆ ನಿಮಗೆ ಗೊತ್ತಲ್ಲ, ಇಬ್ಬರು ನಿಂತರೆ ಮೂರನೆಯವರು ಹಾಲಿನಲ್ಲಿ. ಪಾತ್ರೆ ಸ್ಟೀಲಿನದೇ ಆಗಬೇಕು. ಮೊದಲ ಸಲ ನಾನು ಅವಸರಕ್ಕೆ ಅಲ್ಯುಮಿನಿಯಂ ಪಾತ್ರೆ ಹಿಡಿದಿದ್ದೆ. ಬುಸ್ ಎಂದು ನೊರೆಯೆದ್ದು ಪಾತ್ರೆ ಕಪ್ಪಾಯಿತು. ಆಗ ಹೊರಬರುವುದು ಹೈಡ್ರೋಜನ್, ಹತ್ತಿಕೊಳ್ಳುವ ಅನಿಲ. ಪಕ್ಕದಲ್ಲಿ ಗ್ಯಾಸ್ ಒಲೆ ಉರಿಯುತ್ತಿರಲಿಲ್ಲ, ಪುಣ್ಯ. ಕೈಗೆ ಕಾಸ್ಟಿಕ್ ತಾಗಿದರೆ ನಿಂಬೆ, ವಿನೆಗರ್ ಹುಡುಕುತ್ತಾ ಹೋಗಬೇಡಿ. ನಲ್ಲಿ ಕೆಳಗೆ ಕಾಲು ಗಂಟೆ ಹಿಡಿಯಿರಿ. ಕಣ್ಣಿಗೆ ಹಾರಿದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಹೋಗುವ ಏರ್ಪಾಟು ಮಾಡಿ.

ಕಾಸ್ಟಿಕ್ ನೀರೂ ಎಣ್ಣೆಯೂ ಉಗುರು ಬೆಚ್ಚಗಾದ ಮೇಲೆ ಎರಡನ್ನೂ ಸೇರಿಸಿ ಹ್ಯಾಂಡ್ ಬ್ಲೆಂಡರ್ ಆಡಿಸಿ. ನೀರು ದೋಸೆ ಹಿಟ್ಟಿಗಿಂತ ದಪ್ಪ, ಇಡ್ಲಿ ಹಿಟ್ಟಿಗಿಂತ ತೆಳು, ಆ ಹದ ಬಂದಾಗ ನಿಲ್ಲಿಸಿ. ಮೇಲೆ ಹನಿ ಬಿಟ್ಟರೆ ಗೆರೆ ಮೂಡಿ ನಿಲ್ಲುತ್ತದೆ. ಸುಗಂಧದ ಎಣ್ಣೆ ಹಾಕುವ ಹೊತ್ತು ಇದು. ಟೀ ಟ್ರೀ ಆದರೆ 10 ಗ್ರಾಂ, ಅಂದರೆ ಎಣ್ಣೆಯ ಶೇ. 2. ಅಚ್ಚಿಗೆ ಸುರಿದು ಒಂದೆರಡು ದಿನ ಬಿಟ್ಟು ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಗೆ ಒಣಗಿಸಿ.

ಈ ಆರು ವಾರವೇ ಮುಂಬಯಿಯಲ್ಲಿ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಪಿಗೂ ಬೆವರುತ್ತದೆ. ತಮಾಷೆಯಲ್ಲ, ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಮೇಲೆ ಹನಿಹನಿ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಮಾಡಿದ ನನ್ನ ಒಂದು ಬ್ಯಾಚ್ ಎರಡು ತಿಂಗಳಾದರೂ ಅಂಟಂಟು. ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳು ಬೇರೆ, ಉಳಿದ ಎಣ್ಣೆ ಕಮಟಿದ ಗುರುತು. ಈಗ ದೀಪಾವಳಿ ಕಳೆದ ಮೇಲೆಯೇ ಕೈ ಹಾಕುತ್ತೇನೆ, ಫೆಬ್ರವರಿಗೆ ಮುಗಿಸುತ್ತೇನೆ.

ಕಾಸ್ಟಿಕ್ ಮುಟ್ಟಲು ಧೈರ್ಯವಿಲ್ಲದವರಿಗೆ ಗ್ಲಿಸರಿನ್ ಸೋಪ್ ಬೇಸ್ ಇದೆ. ಕರಗಿಸಿ, ಸ್ವಲ್ಪ ಆರಿಸಿ, ರಸ ಹಾಕಿ ಸುರಿದರೆ ಮುಗಿಯಿತು. ಕಾಸ್ಟಿಕ್‌ನ ಕೆಲಸ ಅದರಲ್ಲಿ ಮೊದಲೇ ಮುಗಿದಿರುವುದರಿಂದ ಗಿಡದ ರಸ ಹೆಚ್ಚು ಉಳಿಯುತ್ತದೆ. ಬೇಸ್ ಕೂಡ ಕ್ಷಾರವೇ, ಅರಿಶಿನ ಅಲ್ಲೂ ಬಹಳ ದಿನ ಬಾಳುವುದಿಲ್ಲ. ನಿಂಬೆರಸ ಹಿಂಡಿ ಪಿಎಚ್ ಇಳಿಸುತ್ತೇನೆ ಅಂದರೆ ಸೋಪೇ ಒಡೆದು, ಸೋಡಿಯಂ ಕಳಚಿದ ಬರೀ ಬಾಲಗಳಾಗುತ್ತದೆ, ಅಂದರೆ ಕೊಬ್ಬಿನಾಮ್ಲ. ಪಿಎಚ್ 5.5 ಎಂದು ಮಾರುವ ಬಾರ್‌ಗಳು ನಿಜವಾಗಿ ಸೋಪಲ್ಲ, ಡಿಟರ್ಜೆಂಟ್ ಜಾತಿಯವು.

ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ

ಬೇವಿನ ಸೋಪಿನ ಬಗ್ಗೆ ಓದಿದಾಗ ಒಂದು ಫೋಟೋ ಖಂಡಿತ ಕಾಣುತ್ತದೆ. ದುಂಡು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂಬ ಜೆಲ್ಲಿ, ಅದರ ಮೇಲೆ ಬ್ಯಾಕ್ಟೀರಿಯಾದ ಮಸುಕು ಹೊದಿಕೆ, ಸೋಪು ಇಟ್ಟ ಜಾಗದ ಸುತ್ತ ಖಾಲಿ ವೃತ್ತ. ವೃತ್ತ ದೊಡ್ಡದಾದಷ್ಟೂ ಸೋಪು ಶಕ್ತಿವಂತ ಎಂದು ಕೆಳಗೆ ಬರೆದಿರುತ್ತದೆ. ಪರೀಕ್ಷೆ ಸುಳ್ಳಲ್ಲ. ಆದರೆ ನೋಡುವಾಗ ಎರಡು ಪ್ರಶ್ನೆ ಕೇಳಬೇಕು. ಒಂದು, ಪಕ್ಕದಲ್ಲಿ ಬೇವು ಹಾಕದ ಅದೇ ಸೋಪನ್ನು ಇಟ್ಟಿದ್ದರಾ? ಸೋಪಿನ ಕ್ಷಾರಕ್ಕೂ ಕೊಬ್ಬಿನಾಮ್ಲಕ್ಕೂ ಹೆದರುವ ಬ್ಯಾಕ್ಟೀರಿಯಾ ಇವೆ. ಆ ವೃತ್ತ ಬೇವಿನದೋ ಸೋಪಿನದೋ ಹೇಳಲು ಸಾದಾ ಸೋಪಿನ ಜೋಡಿ ಬೇಕು. ಎರಡನೆಯದು ಸಮಯ. ತಟ್ಟೆಯಲ್ಲಿ ಸೋಪು ಇಡೀ ದಿನ ಕೂತಿರುತ್ತದೆ. ನಾವು ಕೈ ತೊಳೆಯುವುದು 20 ಸೆಕೆಂಡ್, ಅದೂ ಹೊಗಳಿ ಹೇಳಿದರೆ. ಆಮೇಲೆ ಟೀ ಟ್ರೀ, ಓಮ, ಲವಂಗ ಎಲ್ಲ ನೀರಿನ ಜೊತೆ ಹೋಗುತ್ತವೆ.

ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಈ ಪರೀಕ್ಷೆ ಮಾಡಬೇಡಿ, ಯಾವುದು ಬೆಳೆಯಿತು ಎಂಬುದೇ ಗೊತ್ತಾಗುವುದಿಲ್ಲ. ನಾವು ಮನೆಯಲ್ಲಿ ನೋಡಬೇಕಾದದ್ದು ಪಿಎಚ್ ಪಟ್ಟಿಯಲ್ಲಿ 9-10 ಬಂತಾ, ಮೊಣಕೈ ಒಳಗೆ ಹಚ್ಚಿ ತೊಳೆದು ಒಂದು ದಿನ ಬಿಟ್ಟು ನೋಡಿದರೆ ಉರಿ ಇಲ್ಲವಾ ಎಂಬುದನ್ನು. ಚಿಕ್ಕ ಮಕ್ಕಳಿಗೆ ಸುಗಂಧದ ಎಣ್ಣೆಯಿಲ್ಲದ್ದೇ ಸರಿ.

ಮಾರುವ ಯೋಚನೆ ಇದ್ದರೆ ದಾರಿ ಬೇರೆ. ಕಾಸ್ಮೆಟಿಕ್ಸ್ ನಿಯಮ 2020ರ ಪ್ರಕಾರ ನಮ್ಮ ರಾಜ್ಯದ ಎಫ್‌ಡಿಎಯಿಂದ (ಅಮೆರಿಕದ್ದಲ್ಲ, ಇಲ್ಲಿನ ಆಹಾರ-ಔಷಧ ಇಲಾಖೆ) ಲೈಸೆನ್ಸ್ ಬೇಕು, ಲೇಬಲ್ಲಿನಲ್ಲಿ ಬ್ಯಾಚ್ ನಂಬರ್, ಹಾಕಿದ ವಸ್ತುಗಳು, ಬಳಕೆಯ ಅವಧಿ ಇರಬೇಕು. ಅಂಗಡಿ ಸೋಪಿನ ಹಿಂದೆ ಟಿಎಫ್‌ಎಂ ಎಂದು ಕಾಣುತ್ತದಲ್ಲ, ಅದು ಸೋಪಿನಲ್ಲಿರುವ ಕೊಬ್ಬಿನ ಪಾಲು. ಒಂದನೇ ದರ್ಜೆಗೆ ಕನಿಷ್ಠ ಶೇ. 76, ಎರಡಕ್ಕೆ 70, ಮೂರಕ್ಕೆ 60. ಕೊಳ್ಳುವಾಗ ಎಲೆಯ ಚಿತ್ರಕ್ಕಿಂತ ಈ ಸಂಖ್ಯೆಯನ್ನು ಮೊದಲು ನೋಡುವ ಅಭ್ಯಾಸ ನನ್ನದು.

ನಾವು ಮಾರುವುದಿಲ್ಲ, ನೆಂಟರಿಗೆ ಕೊಡುತ್ತೇವೆ ಅಷ್ಟೇ. ಮೊದಲ ಸಲದ ಚೀಟಿಯಲ್ಲಿ 'ಅರಿಶಿನ-ಬೇವು-ತುಳಸಿ ಆಂಟಿಬ್ಯಾಕ್ಟೀರಿಯಲ್' ಎಂದು ಉದ್ದಕ್ಕೆ ಬರೆದಿದ್ದೆವು. ಈ ಸಲ ಪಕ್ಕದ ಮನೆಯವರೇ ಪೆನ್ನು ಹಿಡಿದು ಕೂತರು. 'ಬೇವಿನೆಣ್ಣೆ ಸೋಪು. ಡಿಸೆಂಬರ್‌ನಲ್ಲಿ ಮಾಡಿದ್ದು. ಸ್ವಲ್ಪ ವಾಸನೆ ಇದೆ' ಎಂದು ಬರೆದು, ಅರಿಶಿನದ ಡಬ್ಬಿಯನ್ನು ಎತ್ತಿ ಮಸಾಲೆಯ ಸಾಲಿನಲ್ಲಿಟ್ಟರು.